ಕಾನಿನ ದಾರಿಯೂ ಊರವರ ಸಲಹೆಯೂ

ಶಿಕಾರಿಪುರದಿಂದ ಸೊರಬದ ಕಡೆಗೆ ಪಯಣಿಸುವವರಿಗೆ ಗದ್ದೆಬಯಲುಗಳ ನಡುನಡುವೆ ನಿತ್ಯಹಸುರಾದ ದಟ್ಟ ಕಾಡುಗಳು ಗೋಚರವಾಗುವುವು. ಇವನ್ನೇ ನಮ್ಮವರು ಕಾನುಗಳೆಂದು ಕರೆಯುವುದು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲಿಯೇ ಇಂಥ 171 ಕಾನುಗಳನ್ನು ಎಣಿಸಿದ್ದರು. ಕಾಳುಮೆಣಸು, ಬೈನೆಮರ, ದೇವರ ಬನ ಇವೆಲ್ಲವೂ ಅಲ್ಲುಂಟು. ಎಲ್ಲಕ್ಕಿಂತ ಮಿಗಿಲಾಗಿ, ಮಳೆಯ ನೀರನ್ನು ಒಡಲಲ್ಲಿರಿಸಿಕೊಂಡು ಬೇಸಗೆಯಲ್ಲಿ ಕೆಳಗಿನ ತೋಟಗದ್ದೆಗಳಿಗೆ ಉಣಿಸುವ ಉಪಕಾರವು ಕಾನಿನದು. ನಮ್ಮ ಮನೆಯ ಬಾವಿಯೂ ಅದರ ಋಣದಲ್ಲಿಯೇ ಇದೆ.

ಈಚೆಗೆ ಈ ಕಾನುಗಳ ಅಂಚಿನ ಗಾಡಿದಾರಿಗಳಲ್ಲಿ ವಿನೋದಾರ್ಥವಾಗಿ ಜೀಪು, ಮೋಟಾರು ಸೈಕಲ್ಲುಗಳನ್ನು ಓಡಿಸುವ ತರುಣರನ್ನು ಕಾಣುತ್ತಿದ್ದೇನೆ. ಅವರ ಉತ್ಸಾಹವನ್ನು ಹಳಿಯಲಾರೆ. ಯೌವನಕ್ಕೆ ಸಾಹಸವು ಸಹಜವಷ್ಟೆ. ಆದರೆ ನೆನೆದ ನೆಲದ ಮೇಲೆ ಚಕ್ರಗಳು ಹಾಯ್ದಲ್ಲಿ ಮಣ್ಣು ಒತ್ತಿ ಗಟ್ಟಿಯಾಗುವುದು; ಆ ಜಾಡೇ ಮುಂದಿನ ಮಳೆಗೆ ಕಾಲುವೆಯಾಗುವುದು; ಇಂಗಬೇಕಾದ ನೀರು ಮಣ್ಣನ್ನು ಹೊತ್ತು ಕೆರೆಗೆ ಧುಮುಕುವುದು. ನಮ್ಮ ಜಿಲ್ಲೆಯದೇ ಆದ ಕೊಡಚಾದ್ರಿಯ ಜೀಪುದಾರಿಯನ್ನು ಕಂಡವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಎಲ್ಲಿ ಓಡಿಸಬಹುದು, ಎಲ್ಲಿ ಕೂಡದು ಎಂಬುದನ್ನು ಯಾರನ್ನು ಕೇಳಿ ನಿರ್ಣಯಿಸತಕ್ಕದ್ದು? ಅಮೆರಿಕೆಯಲ್ಲಿ 1972ರಲ್ಲಿ ಅಧ್ಯಕ್ಷ ನಿಕ್ಸನ್ನರು ಹೊರಡಿಸಿದ ಆಜ್ಞೆಯು, ಸರ್ಕಾರದ ಭೂಮಿಯಲ್ಲಿ ಇಂಥ ವಾಹನಗಳ ದಾರಿಗಳನ್ನು ಸಾರ್ವಜನಿಕರ ಅಭಿಪ್ರಾಯ ಪಡೆದು ಗೊತ್ತುಮಾಡಬೇಕೆಂದು ವಿಧಿಸಿತು. 1995ರಿಂದ ಅಲ್ಲಿನ ಸಲಹಾಮಂಡಲಿಗಳಲ್ಲಿ ದನ ಮೇಯಿಸುವವರು, ವಾಹನವಿಹಾರಿಗಳು, ಪ್ರಕೃತಿರಕ್ಷಕರು, ಚುನಾಯಿತ ಪ್ರತಿನಿಧಿಗಳು ಜೊತೆಗೂಡಿ ವಿಚಾರಮಾಡುವ ಏರ್ಪಾಡು ಬಂದಿತು.

ನಮಗೆ ಇದಕ್ಕಾಗಿ ಹೊಸ ಸಭೆಯೊಂದು ಬೇಕಿಲ್ಲ. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕೆನ್ನುತ್ತದೆ. ಅರಣ್ಯದೊಳಗೆ ಅಪ್ಪಣೆ ಕೊಡುವ ಅಧಿಕಾರವು ಅರಣ್ಯ ಇಲಾಖೆಯದೇ ಹೌದು. ಸಮಿತಿಯ ಮಾತು ಸಲಹೆ ಮಾತ್ರ. ಆದರೂ ಸ್ಥಳವನ್ನು ಕಣ್ಣಾರೆ ಕಂಡು ಕೊಟ್ಟ ಸಲಹೆಗೆ ಬೇರೊಂದೇ ತೂಕವುಂಟು. ಆದುದರಿಂದ ಸಮಿತಿಯವರು ಆಷಾಢದ ಮಳೆಯಲ್ಲೊಮ್ಮೆ ಕಾನಿನ ದಾರಿಯನ್ನು ನಡೆದು ನೋಡಲಿ. ದನಗಾಹಿಗಳನ್ನೂ, ತೋಟದವರನ್ನೂ, ನೀರು ಹೊರುವ ಹೆಂಗಸರನ್ನೂ, ಮುಖ್ಯವಾಗಿ ಆ ಜೀಪಿನ ತರುಣರನ್ನೂ ಜೊತೆಗೆ ಕರೆದೊಯ್ಯಲಿ. ಮಳೆಗಾಲದಲ್ಲಿ ಯಾವ ದಾರಿಯನ್ನು ಮುಚ್ಚಬೇಕು, ಬೇಸಗೆಯಲ್ಲಿ ಊರಬಳಿಯ ಯಾವ ಬಯಲನ್ನು ಅವರ ವಿನೋದಕ್ಕೆ ಬಿಡಬಹುದು ಎಂಬುದು ಅಲ್ಲಿಯೇ ತೀರ್ಮಾನವಾದೀತು. ಕೇಳದೆ ಹೇರಿದ ನಿಷೇಧವನ್ನು ರಾತ್ರಿಯ ವೇಳೆ ಮೀರುವರು. ತಾವೂ ಕೂಡಿ ಒಪ್ಪಿದ ಕಟ್ಟಳೆಯನ್ನು ಮೀರಲು ನಾಚುವರು.

ನಮ್ಮೂರ ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಮಂಡಿಸಬೇಕೆಂದಿದ್ದೇನೆ. ಕಾನುಳ್ಳ ಊರುಗಳ ವಾಚಕಮಹಾಶಯರೂ ತಂತಮ್ಮಲ್ಲಿ ಹಾಗೆಯೇ ಮಾಡಬೇಕೆಂದು ಪ್ರಾರ್ಥನೆ.