ಗೋಲು ಹೊಡೆದವನು, ಕಾರ್ನರ್ ತಂದವನು

ಇಬ್ಬರು ಹುಡುಗರಲ್ಲಿ ಯಾರು ಮುಂದೆ ಬರ್ತಾರೆ ಅನ್ನೋ ವಾದ ನಮ್ಮ ವಿಜಯನಗರದ ಕಡೆ ನಡೆಯೋದು ಕ್ರಿಕೆಟ್ ಬಗ್ಗೆ ಮಾತ್ರ. ಕೆಂಗೇರಿಗೆ ಹೋಗುವ ದಾರಿಯಲ್ಲಿ, ಜ್ಞಾನಭಾರತಿಯ ಸಾಯ್ ಕೇಂದ್ರದಲ್ಲಿ ಎಷ್ಟೋ ವರ್ಷಗಳಿಂದ ಭಾರತ ಹಾಕಿ ತಂಡದ ಶಿಬಿರಗಳು ನಡೀತಿವೆ, ಆದರೂ ಹಾಕಿ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಇರಲಿ, ಇವತ್ತು ನಾನೇ ಆ ವಾದ ಶುರು ಮಾಡ್ತೀನಿ.

ವಿ.ಆರ್. ರಘುನಾಥ್ ಮತ್ತು ಎಸ್.ವಿ. ಸುನಿಲ್. ಇಬ್ಬರೂ ಕೊಡಗಿನವರು. ಒಬ್ಬ ಹುಟ್ಟಿದ್ದು 1988ರ ನವೆಂಬರ್, ಇನ್ನೊಬ್ಬ 1989ರ ಮೇ. ರಘುನಾಥ್ ಭಾರತಕ್ಕೆ ಆಡಲು ಶುರು ಮಾಡಿದ್ದು 2005ರಲ್ಲಿ, ಸುನಿಲ್ 2007ರ ಚೆನ್ನೈ ಏಷ್ಯಾ ಕಪ್‌ನಲ್ಲಿ. ಆಗ ಯಾರಿಗೆ ಭವಿಷ್ಯ ಇದೆ ಅಂತ ನನ್ನನ್ನು ಕೇಳಿದ್ದರೆ ರಘುನಾಥ್ ಹೆಸರು ಹೇಳೋದು ಬಹಳ ಸುಲಭವಾಗಿತ್ತು. ಯಾಕೆ ಗೊತ್ತಾ? ಅವನ ವಿದ್ಯೆ ಲೆಕ್ಕಕ್ಕೆ ಸಿಗುತ್ತೆ.

ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲ ಹೊಡೆತ ಹಿಟ್ ಆಗಿದ್ದರೆ ಚೆಂಡು ಗೋಲಿನ ಹಲಗೆಯ ಎತ್ತರ, ಅಂದರೆ 46 ಸೆಂಟಿಮೀಟರ್ ದಾಟುವಂತಿಲ್ಲ. ಸ್ಟಿಕ್ಕಿಗೆ ಅಂಟಿಸಿಕೊಂಡು ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಆ ಮಿತಿ ಇಲ್ಲ. ಹಾಗಾಗಿ ಒಳ್ಳೆ ಫ್ಲಿಕ್ಕರ್ ಇದ್ದರೆ ಚಿನ್ನ ಸಿಕ್ಕಿದ ಹಾಗೆ. ಡಿಫೆಂಡರ್ ಆಗಿದ್ದುಕೊಂಡೇ ರಘುನಾಥ್ ಗೋಲುಗಳನ್ನು ಹೊಡೆದ, ಹೆಸರು ಪೇಪರಿನಲ್ಲಿ ಬಂತು.

ಸುನಿಲ್ ಸೋಮವಾರಪೇಟೆಯ ಬಡಗಿಯ ಮಗ. ಬಿದಿರಿನ ಕೋಲಿನಲ್ಲಿ ಆಡಿ ಕಲಿತವನು. ಅವನ ಬಂಡವಾಳ ಓಟ. ಆದರೆ ಓಟಕ್ಕೆ ಅಂಕ ಯಾರು ಕೊಡ್ತಾರೆ? ಬಲಬದಿಯಲ್ಲಿ ಮಿಂಚಿನ ಹಾಗೆ ನುಗ್ಗಿ, ಎದುರಾಳಿ ತಡವರಿಸಿ ತಪ್ಪು ಮಾಡುವಂತೆ ಮಾಡಿದ್ರೆ ಪೆನಾಲ್ಟಿ ಕಾರ್ನರ್ ಸಿಗುತ್ತೆ. ಗೋಲು ಮಾತ್ರ ಫ್ಲಿಕ್ ಮಾಡಿದವನ ಖಾತೆಗೆ! 264 ಪಂದ್ಯಗಳಲ್ಲಿ ಸುನಿಲ್ ಹೊಡೆದದ್ದು 72 ಗೋಲು. ಫಾರ್ವರ್ಡ್ ಒಬ್ಬನಿಗೆ ಇದು ಕಮ್ಮಿ ಅನ್ನೋರು, ಅವನು ತಂದುಕೊಟ್ಟ ಕಾರ್ನರ್‌ಗಳನ್ನು ಎಣಿಸಿರಲ್ಲ.

2009ರಲ್ಲಿ ಮಲೇಷ್ಯಾದಲ್ಲಿ ಅಜ್ಲಾನ್ ಷಾ ಟೂರ್ನಿ ಆಡ್ತಿದ್ದಾಗ ಅವನ ತಂದೆ ತೀರಿಕೊಂಡರು. ಹುಡುಗ ಅಲ್ಲೇ ಉಳಿದು ಆಡಿದ. ಇದನ್ನು ಯಾವ ಟ್ರಯಲ್ಸ್‌ನಲ್ಲಿ ಅಳೆಯೋದು ಹೇಳಿ?

ಕೊನೆಗೆ ಗೆದ್ದವರು ಯಾರು? 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇಬ್ಬರೂ ಇದ್ದರು, ತಂಡ ಹನ್ನೆರಡನೆಯದಾಗಿ ಕೊನೆಗೆ ನಿಂತಿತು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಸೋಲಿಸಿ 16 ವರ್ಷಗಳ ನಂತರ ಚಿನ್ನ ತಂದಾಗಲೂ ಇಬ್ಬರೂ ಇದ್ದರು. ಅರ್ಜುನ ಪ್ರಶಸ್ತಿ ಒಬ್ಬನಿಗೆ 2016ರಲ್ಲಿ, ಇನ್ನೊಬ್ಬನಿಗೆ 2017ರಲ್ಲಿ. ಸುನಿಲ್ 2021ರಲ್ಲಿ ನಿವೃತ್ತನಾದ. ಅದೇ ವರ್ಷ ಟೋಕಿಯೋದಲ್ಲಿ 41 ವರ್ಷಗಳ ನಂತರ ಒಲಿಂಪಿಕ್ ಪದಕ ಬಂದಾಗ ಇಬ್ಬರೂ ತಂಡದಲ್ಲಿರಲಿಲ್ಲ. ಅದೊಂದು ಹೊಟ್ಟೆಯುರಿ ನನಗೆ ಇನ್ನೂ ಇದೆ.

ನನ್ನ ತೀರ್ಪು? ಕೌಶಲ ಬೇಗ ಕಣ್ಣಿಗೆ ಬೀಳುತ್ತೆ, ಓಟ ತಡವಾಗಿ ಬೆಲೆ ಪಡೆಯುತ್ತೆ. ಮಕ್ಕಳ ಆಟ ನೋಡೋಕೆ ಹೋದಾಗ ಗೋಲು ಯಾರು ಹೊಡೆದ್ರು ಅಂತ ಎಲ್ಲರೂ ಕೇಳ್ತಾರೆ. ನೀವು ಕಾರ್ನರ್ ಯಾರು ತಂದ್ರು ಅಂತ ಕೇಳಿ ನೋಡಿ.