ಡಾಕ್ಟ್ರಮ್ಮನ ಬ್ಯಾಗು, ಅಜ್ಜಿಯ ಶೇಂಗಾ

ನಮ್ಮ ಸೀಮೆಗೆ ಅತಿಥಿಗಳೇ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚಳ್ಳಕೆರೆ, ಮೊಳಕಾಲ್ಮೂರಿಗೆ ಮಳೆ ತಪ್ಪಬಹುದು, ಅತಿಥಿಗಳು ತಪ್ಪುವುದಿಲ್ಲ. ಮಳೆ ಕೈಕೊಟ್ಟ ವರ್ಷ ಬರ ಅಧ್ಯಯನ ತಂಡ ಬರುತ್ತದೆ. ಒಣಗಿದ ಶೇಂಗಾ ಗಿಡ ಕಿತ್ತು, ಬೇರು ನೋಡಿ, ತಲೆಯಾಡಿಸಿ, ಎಳನೀರು ಕುಡಿದು ಹೋಗುತ್ತದೆ. ಬ್ರಹ್ಮಗಿರಿಗೆ ಇತಿಹಾಸದವರು ಬಂದು ಬಂಡೆ ನೋಡುತ್ತಾರೆ. ಕುದಾಪುರದ ಕಡೆಗೆ ವಿಜ್ಞಾನಿಗಳು ಬರುತ್ತಾರೆ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿಗೆ ಬರುವ ಜನಕ್ಕಂತೂ ಲೆಕ್ಕವಿಲ್ಲ. ಈ ಸಂತೆಯ ನಡುವೆ ಒಂದು ವರ್ಷ, ಅಂಗವಿಕಲ ಮಕ್ಕಳ ಕೈಕಾಲು ನೋಡುವುದಕ್ಕೆಂದೇ ಒಬ್ಬ ಹೆಣ್ಣುಮಗಳು ಸಮುದ್ರ ದಾಟಿ ಬಂದರು. ಫಿಸಿಯೋಥೆರಪಿ ಓದಿದವರು. ಸಂಬಳವಿಲ್ಲ, ಟಿಕೆಟ್ಟೂ ಅವರದೇ ದುಡ್ಡು.

ಊರಿನಲ್ಲಿ ಇಂಗ್ಲಿಷ್ ಬಲ್ಲವನೆಂಬ ವದಂತಿಗೆ ಒಳಗಾಗಿದ್ದ ಮೇಷ್ಟ್ರು ನಾನೊಬ್ಬನೇ. ಹಾಗಾಗಿ ಭಾನುವಾರಗಳೂ ದಸರಾ ರಜೆಯೂ ಅವರ ಜೊತೆ ಹಳ್ಳಿ ಸುತ್ತುವುದರಲ್ಲಿ ಹೋದವು. ಅವರು ಹತ್ತು ನಿಮಿಷ ಹೇಳಿದ್ದನ್ನು ನಾನು ಎರಡು ಮಾತಿಗೆ ಇಳಿಸುತ್ತಿದ್ದೆ. ಮನೆಯ ಅಜ್ಜಿ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಎರಡು ಮಾತು ಹೇಳಿದರೆ ಅವರು ಹತ್ತು ನಿಮಿಷ ಬರೆದುಕೊಳ್ಳುತ್ತಿದ್ದರು. ವಿದ್ಯೆ ಯಾರಿಂದ ಯಾರಿಗೆ ಹರಿಯುತ್ತಿದೆ ಎಂಬ ಗುಮಾನಿ ನನಗೆ ಆಗಲೇ ಶುರುವಾಗಿತ್ತು.

ಮೊದಲ ಮನೆಯಲ್ಲೇ ಅಜ್ಜಿ ಅಡ್ಡ ಹಾಕಿದಳು. "ಗುಳಿಗೆ ಇಲ್ಲ, ಸೂಜಿ ಇಲ್ಲ, ಇದ್ಯಾತರ ಡಾಕ್ಟ್ರಮ್ಮ? ಕೂಸಿನ ಕಾಲು ನೀವೋಕೆ ಇಮಾನ ಹತ್ತಿ ಬರಬೇಕಿತ್ತಾ? ನಾನೇನು ಸತ್ತೋಗಿದ್ನಾ?" ಎಣ್ಣೆ ಮಿಲ್ಲುಗಳಿಗೆ ಹೆಸರಾದ ಚಳ್ಳಕೆರೆಯ ಸೀಮೆ. ಎಣ್ಣೆ ಹಚ್ಚಿ ನೀವುವ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರಿಲ್ಲವೆಂದು ಇಲ್ಲಿನ ಪ್ರತಿ ಅಜ್ಜಿಯೂ ನಂಬಿದ್ದಾಳೆ. ನಾನು ಈ ಮಾತನ್ನು "ಅಜ್ಜಿಗೆ ತುಂಬಾ ಸಂತೋಷವಾಗಿದೆ" ಎಂದು ದಾಟಿಸಿದೆ. ಮರುವಾರದ ಹೊತ್ತಿಗೆ ಸುದ್ದಿ ಹಬ್ಬಿ, ಜಗಲಿಯ ಮೇಲೆ ಮಂಡಿನೋವಿನ ಮುದುಕಿಯರ ಸಾಲು ಕೂತಿತ್ತು. ಮಗುವಿನ ಸರದಿ ಕೊನೆಗೆ ಬಂತು.

ಆ ಮಗುವಿಗಿದ್ದದ್ದು ಸೆರೆಬ್ರಲ್ ಪಾಲ್ಸಿ. ಕಾಲು ಸೆಟೆದುಕೊಂಡಿದ್ದರೂ ಪೆಟ್ಟು ಬಿದ್ದಿರುವುದು ಕಾಲಿಗಲ್ಲ, ಮಿದುಳಿಗೆ. ಅದು ವಾಸಿಯಾಗುವ ಕಾಯಿಲೆಯಲ್ಲ. ಆದರೆ ದಿನವೂ ಸ್ನಾಯುಗಳನ್ನು ಹದವಾಗಿ ಎಳೆದು, ಸರಿಯಾದ ಭಂಗಿಯಲ್ಲಿ ಕೂರಿಸಿ ನಿಲ್ಲಿಸಿದರೆ ಕೀಲುಗಳು ಮಡಚಿಕೊಂಡು ಹಾಗೇ ಬಿಗಿದುಹೋಗುವುದನ್ನು ತಡೆಯಬಹುದು. ಮಲಗಿಸಿ ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ನೆಟ್ಟಗೆ ಕೂರಿಸಿದರೆ ಮಗು ನುಂಗುವುದನ್ನು ಕಲಿಯುತ್ತದೆ. ಇದಕ್ಕೆ ಬೇಕಾದ್ದು ಒಂದು ಮೂಲೆ ಕುರ್ಚಿ. ಎರಡು ಹಲಗೆಯನ್ನು ಕೋನವಾಗಿ ಜೋಡಿಸಿ, ನಡುವೆ ಕೂರಲು ಜಾಗ, ಮುಂದೊಂದು ತಟ್ಟೆ. ಊರ ಬಡಗಿ ಒಂದು ಮಧ್ಯಾಹ್ನದಲ್ಲಿ ಮಾಡುವ ಕೆಲಸ.

ಅದೇ ನಮ್ಮ ಸೀಮೆಯಲ್ಲಿ, 2023ರ ಏಪ್ರಿಲ್ 2ರ ಬೆಳಗ್ಗೆ, ಇಸ್ರೋದವರು ಹೆಲಿಕಾಪ್ಟರಿಗೆ ಕಟ್ಟಿ ಸುಮಾರು 4.5 ಕಿಲೋಮೀಟರ್ ಎತ್ತರಕ್ಕೊಯ್ದು ಬಿಟ್ಟ ರೆಕ್ಕೆಯ ವಾಹನವೊಂದು, ಯಾರ ಕೈಯೂ ಇಲ್ಲದೆ ತಾನೇ ದಾರಿ ಹುಡುಕಿಕೊಂಡು ಡಿಆರ್‌ಡಿಒ ಓಡುದಾರಿಯಲ್ಲಿ ಅಚ್ಚುಕಟ್ಟಾಗಿ ಇಳಿಯಿತು. ನನಗೂ ಹೆಮ್ಮೆಯೇ. ಆದರೆ ಆ ಓಡುದಾರಿಯ ಸುತ್ತಲಿನ ಹಟ್ಟಿಗಳಲ್ಲಿ ಎರಡು ಹಲಗೆಯ ಕುರ್ಚಿ ಇಲ್ಲದೆ ಬೆಳೆದ ಮಕ್ಕಳನ್ನೂ ನಾನು ಬಲ್ಲೆ.

ಡಾಕ್ಟ್ರಮ್ಮನ ಬ್ಯಾಗಿನಲ್ಲಿ ಬಣ್ಣಬಣ್ಣದ ಮರದ ಗುಂಡುಗಳಿದ್ದವು. ಹೆಬ್ಬೆರಳು ತೋರುಬೆರಳು ಸೇರಿಸಿ ಹಿಡಿಯುವುದನ್ನು ಕಲಿಸಲಿಕ್ಕೆ. ನಮ್ಮ ಹುಡುಗ ಅವನ್ನು ಒಮ್ಮೆ ನೋಡಿ ಮುಖ ತಿರುವಿದ. ಅಷ್ಟರಲ್ಲಿ ಶೇಂಗಾ ಕೀಳುವ ಕಾಲ ಬಂತು. ಮನೆಗೆ ಮನೆಯೇ ಹೊಲಕ್ಕೆ ಹೋಯಿತು, ಚಿಕಿತ್ಸೆಯೂ ಹೊಲದ ಬದುವಿನ ಬೇವಿನ ನೆರಳಿಗೆ ವರ್ಗವಾಯಿತು. ಅಜ್ಜಿ ಅವನ ಮುಂದೆ ಒಂದು ಬೊಗಸೆ ಹಸಿ ಶೇಂಗಾ ಸುರಿದಳು. ಒತ್ತಿ ಒಡೆಯಬೇಕು, ಬೀಜ ಆರಿಸಬೇಕು, ಬಾಯಿಗೆ ತಲುಪಿಸಬೇಕು. ಸುಗ್ಗಿ ಮುಗಿಯುವಷ್ಟರಲ್ಲಿ ಬೆರಳು ದಾರಿಗೆ ಬಂದವು. "ಬಣ್ಣದ ಗುಂಡು ತಿನ್ನಕ್ಕೆ ಬರಲ್ಲವಲ್ಲ ತಾಯಿ," ಎಂದಳು ಅಜ್ಜಿ. ಡಾಕ್ಟ್ರಮ್ಮ ಅದನ್ನೂ ಬರೆದುಕೊಂಡರು. ಅಂದಿನಿಂದ ಅವರ ಬ್ಯಾಗು ಹಗುರಾಗುತ್ತ ಬಂತು.

ಮೊಳಕಾಲ್ಮೂರಿನ ಒಂದು ನೇಕಾರರ ಮನೆಯಲ್ಲಿ ಕುರ್ಚಿಯ ಪ್ರಶ್ನೆಯೇ ಏಳಲಿಲ್ಲ. ಅಲ್ಲಿ ಗುಂಡಿಮಗ್ಗ. ನೇಯುವವನು ನೆಲದಂಚಿಗೆ ಕೂತು ಕಾಲನ್ನು ಗುಂಡಿಯೊಳಗೆ ಇಳಿಬಿಡುತ್ತಾನೆ. ಪಾದಕ್ಕೆ ತುಳಿಮೆಟ್ಟಿನ ಆಸರೆ, ಬೆನ್ನು ತಾನಾಗಿ ನೆಟ್ಟಗೆ. ಅಪ್ಪ ರೇಷ್ಮೆ ಸೀರೆ ನೇಯುವಾಗ ಮಗಳನ್ನು ಪಕ್ಕದಲ್ಲಿ, ಸೊಂಟಕ್ಕೊಂದು ಬಟ್ಟೆ ಕಟ್ಟಿ, ಹಾಗೇ ಕೂರಿಸಿಕೊಂಡಿದ್ದ. ಡಾಕ್ಟ್ರಮ್ಮ ಅವಳ ಪಾದದ ಕೆಳಗೆ ಒಂದು ಇಟ್ಟಿಗೆ ಇಟ್ಟರು, ಅಷ್ಟೇ.

ನಾವು ಹೆಮ್ಮೆಪಡುವಂಥದ್ದೇ ಎಲ್ಲವೂ ಅಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಆ ತಾಯಂದಿರನ್ನು ಮೂಢರೆಂದು ಬೈಯುವುದು ಸುಲಭ. ಆದರೆ ಗ್ರಹಣದ ಹಾಗೆ ತಾರೀಖು ಹೇಳಿ, ಆ ತಾರೀಖಿಗೆ ತಪ್ಪದೆ ಬರುವ ಥೆರಪಿಸ್ಟು ಅವರ ಊರಿಗೂ ಇರಲಿಲ್ಲ, ನಮ್ಮೂರಿಗೂ ಇರಲಿಲ್ಲ.

ಹೊರಗಿನಿಂದ ಬಂದು ನಮ್ಮಲ್ಲಿ ಕೆಲಸ ಮಾಡಿದವರಲ್ಲಿ ಹೆಸರು ಉಳಿಸಿಹೋದ ಹಳಬ ಚಪಡ, ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಬರೆದ ಲಿಪಿಕಾರ. ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ಕೊನೆಯ ಪದವನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಊರಿನ ನೆನಪು ಕಾಡಿರಬೇಕು. ಡಾಕ್ಟ್ರಮ್ಮನಿಗೂ ಸಂಜೆಯ ಹೊತ್ತು ಹಾಗಾಗುತ್ತಿತ್ತು. ಮುದ್ದೆಯನ್ನು ಅಗಿಯದೆ ನುಂಗಲು ಕಲಿತ ದಿನ ತಮ್ಮ ತಾಯಿಗೆ ಫೋನು ಮಾಡಿ ಗಂಟೆಗಟ್ಟಲೆ ಹೇಳಿಕೊಂಡಿದ್ದರು. ಚಪಡನದು ಬಂಡೆಯ ಕೆಲಸ, ಒಮ್ಮೆ ಕೊರೆದರೆ ಮುಗಿಯಿತು. ಮಗುವಿನ ಸ್ನಾಯು ಹಾಗಲ್ಲ. ಇವತ್ತು ಸಡಿಲಿಸಿದ್ದು ನಾಳೆ ಮತ್ತೆ ಬಿಗಿಯುತ್ತದೆ. ವೀಸಾ ಮುಗಿದು ಅವರು ಹೊರಟರು, ಬಸ್ ಸ್ಟ್ಯಾಂಡಿನಲ್ಲಿ ಮುದುಕಿಯರೆಲ್ಲ ಅತ್ತರು. ಮರುವರ್ಷ ಬಂದ ಹೊಸಬರು ಪಾಪ, ಒಳ್ಳೆಯವರೇ, ಮಕ್ಕಳ ಕೈಕಾಲಿನ ಅಳತೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿದರು.

ನಮ್ಮ ಹುಡುಗ ನಡೆಯಲಿಲ್ಲ. ಕೂರುತ್ತಾನೆ, ತನ್ನ ಕೈಯಿಂದ ಉಣ್ಣುತ್ತಾನೆ, ಬೇಡದವರು ಮನೆಗೆ ಬಂದರೆ ಮುಖ ತಿರುವುತ್ತಾನೆ. ಇಷ್ಟಾದದ್ದು ಒಂದು ಚಳಿಗಾಲ ಬಂದುಹೋದವರಿಂದ ಅಲ್ಲ. ಅವರು ಹೇಳಿಕೊಟ್ಟದ್ದನ್ನು ಅವರು ಹೋದ ಮೇಲೂ ಬೆಳಗ್ಗೆ ಸಂಜೆ ಮಾಡಿದ ತಾಯಿ ಮತ್ತು ಅಜ್ಜಿಯಿಂದ. ತಿಪ್ಪೇರುದ್ರಸ್ವಾಮಿಗಳ ಮಾತೊಂದು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ: ಮಾಡಿದಷ್ಟು ನೀಡು ಭಿಕ್ಷೆ. ಆ ಲೆಕ್ಕದಲ್ಲಿ ಈ ಹೆಂಗಸರಿಗೆ ಬರಬೇಕಾದ ಬಾಕಿ ದೊಡ್ಡದಿದೆ. ಮಗುವನ್ನು ಪ್ರಮಾಣಪತ್ರಕ್ಕೆಂದು ಚಿತ್ರದುರ್ಗಕ್ಕೆ ಹೊತ್ತೊಯ್ದ ದಿನದ ಕೂಲಿಯೂ ಅದರಲ್ಲಿ ಸೇರಿದೆ.

1995ರ ಕಾಯ್ದೆ 7 ಬಗೆಯ ಅಂಗವೈಕಲ್ಯ ಎಣಿಸಿತ್ತು, 2016ರದು 21 ಎಣಿಸುತ್ತದೆ. ಎಣಿಸಿದ್ದು ಸಾಕು. ಬೆಂಗಳೂರಿನಲ್ಲಿ ಫಿಸಿಯೋಥೆರಪಿ ಓದಿ ವಿದೇಶಕ್ಕೆ ಅರ್ಜಿ ಹಾಕುವ ಮಕ್ಕಳೇ, ಚಳ್ಳಕೆರೆಗೆ ವೀಸಾ ಬೇಡ. ಬಂದರೆ ಒಂದು ವರ್ಷವಾದರೂ ಇರುವ ಹಾಗೆ ಬನ್ನಿ. ಊರಲ್ಲೇ ಇರುವ ನಾವು ಮಾಡಬೇಕಾದ್ದೂ ಒಂದಿದೆ. ಗ್ರಾಮ ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಲೆಕ್ಕ ಕೇಳಿ, ಒಂದು ಮೂಲೆ ಕುರ್ಚಿಯನ್ನೂ ಕೇಳಿ.