ಯೊಕೊಹಾಮಾದ ಅರವಟ್ಟಿಗೆ

ಜಪಾನಿನ ಯೊಕೊಹಾಮಾ ಬಂದರಿಗೆ ನಾವು ಹೋದಾಗ, ಅಲ್ಲಿ ನೆಲೆಸಿರುವ ಬೆಳಗಾವಿ ಕಡೆಯ ದಂಪತಿಗಳು ನಮ್ಮನ್ನು ಮೊದಲು ಕರೆದೊಯ್ದುದು ಕಡಲ ದಂಡೆಯ ಯಾಮಾಶಿತಾ ಉದ್ಯಾನಕ್ಕೆ. "ನೀವು ನಿಂತ ನೆಲಾನ ಭೂಕಂಪದಾಗ ಬಿದ್ದ ಮನಿಗಳ ಮಣ್ಣರೀ" ಎಂದರು ಯಜಮಾನರು. 1923ರ ಸೆಪ್ಟೆಂಬರ್ 1ರ ಮಹಾಭೂಕಂಪದ ಅವಶೇಷಗಳನ್ನು ಕಡಲಿಗೆ ತುಂಬಿ ನಿರ್ಮಿಸಿದ ಈ ಉದ್ಯಾನವು 1930ರಲ್ಲಿ ತೆರೆಯಿತು.

ಆ ಕಾಲದಲ್ಲಿ ಇಲ್ಲಿ ರೇಷ್ಮೆ ವ್ಯಾಪಾರ ಮಾಡುತ್ತಿದ್ದ ಭಾರತೀಯ ವರ್ತಕರಲ್ಲಿಯೂ ಕೆಲವರು ಮಡಿದರು. ಉಳಿದವರಲ್ಲಿ ಅನೇಕರು ಕೋಬೆ ನಗರವನ್ನು ಸೇರಿದರು. ಯೊಕೊಹಾಮಾದ ಜನ ಅವರಿಗೆ ನೆರವಿತ್ತು, ವಸತಿ ಒದಗಿಸಿ ಮರಳಿ ಕರೆಸಿಕೊಂಡರು. ವ್ಯಾಪಾರವೆಲ್ಲ ಕೋಬೆಯ ಪಾಲಾದೀತೆಂಬ ಚಿಂತೆಯೂ ಅದರಲ್ಲಿ ಇದ್ದಿತೆನ್ನಿ. ಆದರೂ ಕೊಟ್ಟದ್ದು ಕೊಟ್ಟದ್ದೇ. ಆ ಉಪಕಾರವನ್ನು ನೆನೆದು, ಮಡಿದವರ ಸ್ಮರಣೆಗಾಗಿಯೂ, ಭಾರತೀಯರು 1939ರಲ್ಲಿ ಈ ಉದ್ಯಾನದಲ್ಲಿ ಗುಮ್ಮಟವುಳ್ಳ ನೀರಿನ ಮಂಟಪವೊಂದನ್ನು ಕಟ್ಟಿಸಿದರು. ಗುಮ್ಮಟದ ಒಳಮೈಯ ಬಣ್ಣದ ಬಿಲ್ಲೆಗಳ ಚಿತ್ತಾರವನ್ನು ಕತ್ತು ನೋಯುವವರೆಗೂ ನೋಡಿದೆವು. ಬೇಸಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡುವ ನಾಡಿನವರು ಪ್ರತಿಮೆ ನಿಲ್ಲಿಸದೆ ನೀರನ್ನೇ ಆರಿಸಿಕೊಂಡುದು ನಮಗೆ ಸಹಜವಾಗಿಯೇ ತೋರಿತು.

ಮಂಟಪದ ಬಳಿ ಕುಳಿತು ಆ ತಾಯಿ ತಮ್ಮದೊಂದು ಸಂಗತಿ ಹೇಳಿದರು. 2011ರ ಮಾರ್ಚ್ 11ರಂದು ಭೂಮಿ ನಡುಗಿದಾಗ ಯಜಮಾನರು ಟೋಕಿಯೋದಲ್ಲಿ ಸಿಕ್ಕಿಬಿದ್ದಿದ್ದರು, ರೈಲುಗಳು ನಿಂತಿದ್ದವು. ಕೂಸನ್ನು ಅಪ್ಪಿಕೊಂಡು ಒಬ್ಬರೇ ಕುಳಿತಿದ್ದ ಇವರ ಬಾಗಿಲು ತಟ್ಟಿದ ನೆರೆಮನೆಯ ಜಪಾನಿ ಅಜ್ಜಿ, ನೀರಿನ ಬಾಟಲಿಗಳನ್ನಿರಿಸಿ, ಬೆಳಗಿನವರೆಗೂ ಜೊತೆಗಿದ್ದರಂತೆ. ಆಗ ಇವರಿಗೆ ಜಪಾನಿ ಮಾತು ಬಾರದು.

ಊರಿಂದ ಬಂದವರಿಗೆ ಈ ಮಂಟಪ ತೋರಿಸುವಾಗಲೆಲ್ಲ ಆ ಅಜ್ಜಿಯನ್ನೂ ಕರೆತರುತ್ತಾರೆ. ಅಂದು ಅವರು ನಮ್ಮ ಪಕ್ಕದಲ್ಲೇ ಕುಳಿತು, ಸಜ್ಜೆ ರೊಟ್ಟಿ ಮುರಿದು ಶೇಂಗಾ ಚಟ್ನಿಯನ್ನು ಎರಡನೆಯ ಬಾರಿ ಹಾಕಿಸಿಕೊಂಡರು.